ಅಮಾವಾಸ್ಯೆಯಂದು ಅಳೆದ ಜಾಗ

ಕಳೆದ ವಾರ ಆಫೀಸಿನ ಅಟ್ಟದಿಂದ ಹಳೆಯ ನಕಾಶೆಗಳ ಕಟ್ಟು ಇಳಿಸುವಾಗ ಒಂದು ಸುರುಳಿ ಕೈಜಾರಿ ಕೆಳಗೆ ಬಿತ್ತು. ಉಳಿದವಕ್ಕೆಲ್ಲ ನಾನು ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೆ. ಅವು ಜಮಖಂಡಿಯ ಬಿಸಿಲಿಗೆ ಪುಡಿಯಾಗಿ ಕಾಗದಕ್ಕೆ ಅಂಟಿದ್ದವು. ಇದೊಂದಕ್ಕೆ ಮಾತ್ರ ಹಸಿರು ನೂಲು ಸುತ್ತಿತ್ತು. ತುದಿ ಹಿಡಿದು ಎಳೆದರೆ ಒಂದೇ ಎಳೆತಕ್ಕೆ ಬಿಚ್ಚುವ ಗಂಟು. ಮೂಗಿನ ಹತ್ತಿರ ಹಿಡಿದೆ. ನೂಲಿಗೆ ಹಚ್ಚುವ ಗಂಜಿಯ ಹುಳಿ ವಾಸನೆ, ಅದರ ಹಿಂದೆಯೇ ಮಗ್ಗದ ಎಣ್ಣೆಯದು. ಇಷ್ಟು ವರ್ಷ ಧೂಳಿನಲ್ಲಿ ಬಿದ್ದಿದ್ದರೂ ಹೋಗಿರಲಿಲ್ಲ...

ಒಳಗಿದ್ದದ್ದು ಗ್ರಾಫ್ ಕಾಗದ. ಅರ್ಧ ಹಾಳೆಯಲ್ಲಿ ಸೀರೆಯ ಅಂಚಿನ ಚಿತ್ತಾರ, ಚೌಕ ಚೌಕಕ್ಕೆ ಕೆಂಪು ಹಸಿರು ತುಂಬಿದ್ದು. ಉಳಿದರ್ಧದಲ್ಲಿ ಪೆನ್ಸಿಲ್ಲಿನಲ್ಲಿ ಎಳೆದ ಒಂದು ಕಾಲೇಜು ಕಟ್ಟಡ. ಒಂದು ಚೌಕಕ್ಕೆ ಒಂದು ಅಡಿ. ಅದನ್ನು ನೋಡುತ್ತ ಏಣಿಯ ಮೆಟ್ಟಿಲ ಮೇಲೆಯೇ ಕೂತೆ. ಈ ಕಾಗದ ಎಲ್ಲೋ ಕಳೆದುಹೋಗಿದೆ ಎಂದು ಇಷ್ಟು ದಿನ ನಾನು ನನಗೇ ಹೇಳಿಕೊಂಡು ಬಂದಿದ್ದೆ.

ಹದಿನಾಲ್ಕು ಹದಿನೈದು ವರ್ಷದ ಹಿಂದಿನ ಮಾತು. ಆಕೆ ನನ್ನ ಆಫೀಸಿನಲ್ಲಿ ನಕಾಶೆ ಬರೆಯುತ್ತಿದ್ದಳು. ಬನಹಟ್ಟಿಯ ನೇಕಾರರ ಮನೆಯ ಹುಡುಗಿ, ಸಿವಿಲ್ ಡಿಪ್ಲೊಮಾ ಮುಗಿಸಿ ದಿನಾ ಬಸ್ಸಿಗೆ ಜಮಖಂಡಿಗೆ ಬರುತ್ತಿದ್ದಳು. ಅಪ್ಪ ಸೀರೆಯ ಅಂಚಿಗೆ ಚಿತ್ತಾರ ಬರೆದುಕೊಡುವವರು. ಮನೆಯಲ್ಲಿ ಉಳಿದ ಗ್ರಾಫ್ ಕಾಗದವನ್ನೇ ತಂದು, ಮೊದಲು ಅದರ ಮೇಲೆ ಪೆನ್ಸಿಲ್ಲಿನಲ್ಲಿ ಬರೆದು ನೋಡಿ, ಆಮೇಲೆ ಕಂಪ್ಯೂಟರಿಗೆ ಕೂರುವುದು ಆಕೆಯ ಪದ್ಧತಿ. ನಾನು ಇಂಜಿನಿಯರು. ಬೋರ್ಡಿನ ಮೇಲೆ ನನ್ನ ಹೆಸರು, ಹೆಸರಿನ ಮುಂದೆ ಡಿಗ್ರಿ. ಕೋರ್ಟಿನ ಹತ್ತಿರ ಮಾಳಿಗೆ ಮೇಲಿನ ಆ ಎರಡು ಕೋಣೆಗಳಲ್ಲಿ ನನಗಿಂತ ಬಲ್ಲವರು ಯಾರೂ ಇಲ್ಲ ಎಂದು ನಂಬಿ ಸುಖವಾಗಿದ್ದವನು.

ಆ ಸುಖ ಹಾಳಾಗಿದ್ದು ಆಕೆ ಬಂದ ಮೊದಲ ವಾರದಲ್ಲೇ. ನಾನು ಬರೆದ ಒಂದು ಮನೆಯ ನಕಾಶೆ ಹಿಡಿದು ಬಂದಳು.

"ಸರ್, ಈ ಮೆಟ್ಟಲಾ ಹತ್ತೂಮುಂದ ತೊಲಿ ತಲಿಗಿ ಬಡೀತೈತೇನೊ ಅನಸ್ತೈತ್ರಿ."

ಅಳೆದು ನೋಡಿದೆ. ಬಡಿಯುತ್ತಿತ್ತು. "ನೀ ನೋಡ್ತಿಯೋ ಇಲ್ಲೋ ಅಂತ ಬೇಕಂತಲೇ ಬಿಟ್ಟಿದ್ದೆ" ಅಂದೆ. ಆಕೆ ನಂಬಿದಳೋ ಇಲ್ಲವೋ, ತಲೆಯಾಡಿಸಿ ಹೋಗಿ ತಿದ್ದಿದಳು. ಆ ಮನೆಯವರು ಇಂದಿಗೂ ತಲೆ ಬಡಿಸಿಕೊಳ್ಳದೆ ಮಾಳಿಗೆ ಹತ್ತುತ್ತಿದ್ದಾರೆ, ಪುಣ್ಯವಂತರು.

ಆಮೇಲೆ ಗಿರಾಕಿಗಳು ಮೆಟ್ಟಿಲು ಹತ್ತಿ ಬಂದು ನನ್ನ ಮುಖ ನೋಡಿಯೂ ನೋಡದವರ ಹಾಗೆ "ನಕಾಶಿ ಅಕ್ಕಾರ ಅದಾರೇನ್ರಿ?" ಎಂದು ಕೇಳತೊಡಗಿದರು. ತುಬಚಿಯ ರೈತರೊಬ್ಬರು ಹೊಸ ಮನೆಗೆ ನಕಾಶೆ ಬರೆಸಿದ್ದರು. ಅಡುಗೆಮನೆ ಎಲ್ಲಿರಬೇಕು, ದನದ ಕೊಟ್ಟಿಗೆಯ ಗಾಳಿ ಎತ್ತ ಹೋಗಬೇಕು ಎಂದು ಆಕೆಯ ಹತ್ತಿರವೇ ಮಧ್ಯಾಹ್ನದ ತನಕ ಮಾತಾಡಿದರು. ಮನೆ ಮುಗಿದ ಮೇಲೆ ಆಕೆಗೆ ಒಂದು ಬೆಲ್ಲದ ಪೆಂಟಿ ತಂದುಕೊಟ್ಟರು, ನನಗೆ ನಮಸ್ಕಾರ ಮಾಡಿದರು. ಆಕೆ ಅರ್ಧ ಬೆಲ್ಲ ಒಡೆದು ನನ್ನ ಟೇಬಲ್ಲಿನ ಮೇಲಿಟ್ಟಳು. ನನಗೆ ಸಕ್ಕರೆ ಕಾಯಿಲೆಯಿಲ್ಲ; ಆದರೂ ಇದೆ ಎಂದು ಹೇಳಿ ವಾಪಸು ಕೊಟ್ಟೆ.

ಇದಕ್ಕೆ ಹೊಟ್ಟೆಕಿಚ್ಚು ಎಂದು ಹೆಸರು. ಸುತ್ತು ಬಳಸಿ ಹೇಳುವುದೇಕೆ? ನನ್ನ ಅರ್ಧ ವಯಸ್ಸಿನ, ನನ್ನ ಕೈಯಿಂದಲೇ ಪಗಾರ ತೆಗೆದುಕೊಳ್ಳುವ ಹುಡುಗಿಯ ಮೇಲೆ ನನಗೆ ಹೊಟ್ಟೆಕಿಚ್ಚಾಗಿತ್ತು. ದೊಡ್ಡವರ ಮೇಲೆ ಆದರೆ ಹೇಳಿಕೊಂಡಾದರೂ ತಿರುಗಬಹುದು. ಕೈಕೆಳಗಿನವರ ಮೇಲೆ ಆದದ್ದನ್ನು ನುಂಗಿಕೊಂಡೇ ಇರಬೇಕು.

ಆಗಲೇ ಬನಹಟ್ಟಿಯ ಒಂದು ಕಾಲೇಜಿನಿಂದ ಕರೆ ಬಂತು. ಹನ್ನೆರಡು ಕ್ಲಾಸ್‌ರೂಮುಗಳ ಹೊಸ ಕಟ್ಟಡ ಆಗಬೇಕಿತ್ತು. ಅಲ್ಲಿಯವರೆಗೆ ಮನೆ, ಅಂಗಡಿ, ಒಂದೆರಡು ಮಂಗಲ ಕಾರ್ಯಾಲಯ ಕಟ್ಟಿಸಿದವನಿಗೆ ಇದು ದೊಡ್ಡ ಕೆಲಸ. ಕಾಲೇಜಿನ ಕಮಿಟಿಯ ಐದೂ ಜನ ಹಿರಿಯರು ಮಗ್ಗಗಳ ಮಾಲೀಕರು. ಮಗ್ಗ ನಡೆಯುವ ದಿನ ಅವರಿಗೆ ಉಸಿರಾಡಲು ಪುರುಸೊತ್ತಿಲ್ಲ. ಅಮಾವಾಸ್ಯೆಗೆ ಅವರಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ; ಅಂದು ಮಗ್ಗಕ್ಕೆ ಪೂಜೆ, ಕಾಯಿ, ವಿಶ್ರಾಂತಿ. ಹೀಗಾಗಿ ಕಮಿಟಿ ಕೂಡುವುದಿದ್ದರೆ ಅಮಾವಾಸ್ಯೆಗೇ ಕೂಡಬೇಕು. ಜಾಗ ತೋರಿಸಿದ್ದೂ ಅಮಾವಾಸ್ಯೆಯಂದೇ.

ನಾನೂ ಆಕೆಯೂ ಟೇಪು ಹಿಡಿದು ಹೋದೆವು. ದಕ್ಷಿಣಕ್ಕೆ ಕಾಲೇಜಿನ ಮೈದಾನ, ಉತ್ತರಕ್ಕೆ ಒಂದು ಸಣ್ಣ ಗಲ್ಲಿ. ಗಲ್ಲಿಯಾಚೆ ಉದ್ದಕ್ಕೂ ತಗಡಿನ ಶೆಡ್ಡುಗಳು, ಎಲ್ಲ ಬಾಗಿಲೂ ಮುಚ್ಚಿದ್ದವು. ಒಂದು ನಾಯಿ ಗಲ್ಲಿಯ ನಡುವೆ ನಿಶ್ಚಿಂತೆಯಿಂದ ಮಲಗಿತ್ತು. ಬನಹಟ್ಟಿಯಲ್ಲಿ ಮಗ್ಗಗಳಿವೆ ಎಂದು ತಿಳಿಯದ ಕೂಸೇನಲ್ಲ ನಾನು. ಆದರೆ ಆ ಮುಚ್ಚಿದ ಶೆಡ್ಡುಗಳನ್ನು ನೋಡಿ ಗೋದಾಮು ಇರಬೇಕು ಅಂದುಕೊಂಡೆ. ಡೈರಿಯಲ್ಲಿ ‘ಜಾಗ ಬಹಳ ಪ್ರಶಾಂತ, ಶಿಕ್ಷಣಕ್ಕೆ ಯೋಗ್ಯ’ ಎಂದು ಬರೆದೆ.

ಆಫೀಸಿಗೆ ತಿರುಗಿ ಬರುವಾಗ ಬಸ್ಸಿನಲ್ಲಿ ಆಕೆ ಹೇಳಿದಳು. "ಸರ್, ಒಂದ್ಸಲ ಸಾದಾ ದಿನಾ ಬಂದು ಅಲ್ಲೆ ನಿಂತು ನೋಡೂಣ್ರಿ."

"ಯಾಕ? ಟೇಪು ಅಮಾಸಿಗೊಂದು ಅಳತಿ, ಸಾದಾ ದಿನಕ್ಕೊಂದು ಅಳತಿ ತೋರಸ್ತೈತೇನು?"

ಆಕೆ ನಕ್ಕಳು. ನನ್ನ ಜಾಣ್ಮೆಗೆ ನಾನೂ ನಕ್ಕೆ. ಯಾಕೆ ಹಾಗೆ ಹೇಳಿದೆ ಎಂದು ಕೇಳಿದ್ದರೆ ಆಕೆ ಹೇಳುತ್ತಿದ್ದಳು. ನಾನು ಕೇಳಲಿಲ್ಲ.

ಮುಂದಿನ ಅಮಾವಾಸ್ಯೆಗೆ ನನ್ನ ನಕಾಶೆ ಸಿದ್ಧವಾಗಿತ್ತು. ನಡುವೆ ಉದ್ದ ಹಜಾರ, ಎರಡೂ ಬದಿಗೆ ಆರಾರು ಕೋಣೆ, ಮುಂದೆ ಎತ್ತರದ ಕಂಬಗಳು. ಚೇರ್ಮನ್ನರು ಎಪ್ಪತ್ತು ದಾಟಿದವರು, ದಪ್ಪ ಕನ್ನಡಕ. ಹಾಳೆಯನ್ನು ಬಟ್ಟೆ ಪರೀಕ್ಷಿಸುವಂತೆ ಬೆಳಕಿಗೆ ಹಿಡಿದು ನೋಡಿದರು. "ಛಲೋ ಐತ್ರಿ ಸಾಹೇಬ್ರ" ಅಂದರು. ನಾನು ಉಬ್ಬುವಷ್ಟರಲ್ಲಿ ಆಕೆಯ ಕಡೆ ತಿರುಗಿದರು.

"ಯಾರ ಪೈಕಿ ತಂಗಿ ನೀ?"

ಆಕೆ ಅಪ್ಪನ ಹೆಸರು ಹೇಳಿದಳು. ಐದೂ ಜನ ಒಮ್ಮೆಲೇ ಮುಂದಕ್ಕೆ ಬಾಗಿದರು. ನಿಮ್ಮಪ್ಪ ತೆಗೆದ ಅಂಚು ನಮ್ಮ ಮನೆಯಲ್ಲಿ ನೇಯ್ದಿದ್ದೇವೆ, ನಮ್ಮ ಮನೆಯಲ್ಲೂ ನೇಯ್ದಿದ್ದೇವೆ ಎಂದು ಮಾತು ಶುರುವಾಯಿತು. ಅಪ್ಪನ ಕಣ್ಣು ಹೇಗಿದೆ ಈಗ ಎಂದು ಒಬ್ಬರು ವಿಚಾರಿಸಿದರು. ನಾನು ನನ್ನ ಎತ್ತರದ ಕಂಬಗಳನ್ನು ಹಿಡಿದುಕೊಂಡು ಕೂತಿದ್ದೆ.

"ನೀ ಏನಂತಿ ತಂಗಿ, ಈ ನಕಾಶಿಗೆ?" ಚೇರ್ಮನ್ನರು ಕೇಳಿದರು.

ಆಕೆ ನನ್ನ ಮುಖ ನೋಡಿದಳು. ನಾಲ್ಕು ಜನರ ಮುಂದೆ ದೊಡ್ಡಸ್ತಿಕೆ ತೋರಿಸುವ ಅವಕಾಶ. "ಹೇಳು ಹೇಳು" ಅಂದೆ. ಆಕೆ ಚೀಲದಿಂದ ಹಸಿರು ನೂಲು ಸುತ್ತಿದ ಸುರುಳಿ ತೆಗೆದಳು. ಆಕೆ ಬೇರೊಂದು ನಕಾಶೆ ಬರೆದಿದ್ದಾಳೆ ಎಂಬುದು ನನಗೆ ತಿಳಿದಿದ್ದು ಆ ಕ್ಷಣದಲ್ಲೇ.

"ನಡುವ ಹಜಾರ ಇಟ್ಟು ಎರಡೂ ಕಡೆ ಖೋಲಿ ಮಾಡಿದ್ರ, ಒಂದ ಸಾಲಿಗೆ ಬೆಳಕ ಎಡಗಡಿಂದ ಬರತೈತ್ರಿ, ಇನ್ನೊಂದಕ್ಕ ಬಲಗಡಿಂದ. ಬಲಗಡಿಂದ ಬಂದ್ರ ಬರಿಯೂ ಕೈಯ ನೆರಳ ಅಕ್ಷರದ ಮ್ಯಾಲ ಬೀಳತೈತ್ರಿ. ನಮ್ಮಪ್ಪಾರು ಗ್ರಾಫ್ ಬರಿಯಾಕ ಎಡಕ್ಕ ಕಿಡಕಿ ಇಟಗೊಂಡ ಕುಂದರತಾರ್ರಿ."

ಆಕೆಯ ನಕಾಶೆಯಲ್ಲಿ ಕೋಣೆಗಳೆಲ್ಲ ಒಂದೇ ಸಾಲು, ಎರಡು ಅಂತಸ್ತು. ಮೈದಾನದ ಕಡೆ ದೊಡ್ಡ ಕಿಟಕಿಗಳು, ಬಿಸಿಲು ತಡೆಯಲು ಅಗಲವಾದ ಛಾವಣಿಯ ಅಂಚು. ಗಲ್ಲಿಯ ಕಡೆ ಉದ್ದಕ್ಕೂ ಪಡಸಾಲೆ, ಪಡಸಾಲೆಗೂ ಕೋಣೆಗೂ ನಡುವೆ ದಪ್ಪ ಗೋಡೆ. ಆ ಗೋಡೆಗೆ ಬಾಗಿಲು ಬಿಟ್ಟರೆ ಒಂದು ಸಣ್ಣ ಬೆಳಕಿಂಡಿಯೂ ಇಲ್ಲ. ಮಕ್ಕಳು ಪಶ್ಚಿಮಕ್ಕೆ ಮುಖ ಮಾಡಿ ಕೂತರೆ ಮೈದಾನದ ಬೆಳಕು ಹನ್ನೆರಡೂ ಕೋಣೆಗಳಲ್ಲಿ ಎಡಗಡೆಯಿಂದಲೇ ಬೀಳುತ್ತಿತ್ತು. ಜನ್ಮವೆಲ್ಲ ಬೆಳಕು ನೋಡಿ ಎಳೆ ಹಿಡಿದವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. "ಖರೆ ಐತಿ" ಎಂದರು ಒಬ್ಬರು. "ಇದನ್ನ ಮಾಡೂಣ್ರಿ ಸಾಹೇಬ್ರ" ಎಂದರು ಚೇರ್ಮನ್ನರು. ಮತ್ತೆ ಸ್ವಲ್ಪ ತಡೆದು, "ನಕಾಶಿ ಮ್ಯಾಲ ಈ ತಂಗಿ ಹೆಸರೂ ಹಾಕ್ರಿ. ನಮ್ಮೂರ ಹುಡುಗಿ" ಅಂದರು.

ಹಾಕುತ್ತೇನೆ ಎಂದೆ. ನಗುತ್ತಲೇ ಎಂದೆ.

ಆಫೀಸಿಗೆ ತಿರುಗುವ ಬಸ್ಸಿನಲ್ಲಿ ಆಕೆಗೆ ಹಿಡಿಸಲಾರದಷ್ಟು ಖುಷಿ. ಆಗ ಒಂದು ಸುದ್ದಿ ಹೇಳಿದಳು. ಹುಬ್ಬಳ್ಳಿಯ ಒಂದು ದೊಡ್ಡ ಆಫೀಸಿನವರು ಕೆಲಸಕ್ಕೆ ಕರೆದಿದ್ದಾರೆ. ಒಂದೇ ಕೇಳಿದ್ದಾರೆ: ತಾನೇ ವಿನ್ಯಾಸ ಮಾಡಿದ, ತನ್ನ ಹೆಸರಿರುವ ಒಂದು ನಕಾಶೆ. "ಅಷ್ಟ ಇದ್ರ ಸಾಕಂತ್ರಿ ಸರ್. ಇಲ್ಲಂದ್ರ ಅಪ್ಪಾರ ಕಣ್ಣ ಮಂದ ಆಗ್ಯಾವು, ಬರೂ ವರ್ಷದಿಂದ ಅಂಚ ಬರಿಯಾಕ ಮನ್ಯಾಗ ಕುಂದರು ಅಂದಾಳ ನಮ್ಮವ್ವ."

ನಾನು ಆ ವಯಸ್ಸಿನಲ್ಲಿ ಹುಬ್ಬಳ್ಳಿಯ ಆಫೀಸುಗಳ ಮೆಟ್ಟಿಲು ಹತ್ತಿ ಇಳಿದವನು. ಒಬ್ಬರೂ ಕೂತುಕೋ ಅಂದಿರಲಿಲ್ಲ. ಕಿಟಕಿಯಾಚೆ ಕಬ್ಬಿನ ಗದ್ದೆಗಳನ್ನು ನೋಡುತ್ತ, ಒಳ್ಳೆಯದಾಯಿತು ಎಂದೆ. ಹೊಟ್ಟೆಯೊಳಗೆ ಕೆಂಡ ಬಿದ್ದಂತಿತ್ತು.

ಒಂದು ತಿಂಗಳು ಆ ಕೆಂಡ ಆರಲಿಲ್ಲ. ಆಕೆಯ ನಕಾಶೆಯಲ್ಲಿ ತಪ್ಪು ಹುಡುಕಿದೆ. ಅಳತೆ ಸರಿಯಿತ್ತು, ಗಾಳಿ ಸರಿಯಿತ್ತು, ಮೆಟ್ಟಿಲಿನಲ್ಲಿ ಯಾರ ತಲೆಯೂ ಬಡಿಯುತ್ತಿರಲಿಲ್ಲ. ಕೊನೆಗೆ ಒಂದು ಸಿಕ್ಕಿತು. ದಕ್ಷಿಣದಿಂದ ಬರುವ ಬೆಳಕಿಗಿಂತ ಉತ್ತರದ ಬೆಳಕು ಒಳ್ಳೆಯದು. ಬಿಸಿಲಿನ ಝಳವಿಲ್ಲದೆ ದಿನವಿಡೀ ಒಂದೇ ಸಮ ಇರುತ್ತದೆ. ಇದು ಕಾಲೇಜಿನ ಮೊದಲ ವರ್ಷದಲ್ಲೇ ಕಲಿಸುವ ಪಾಠ. ಆಕೆಯ ನಕಾಶೆಯನ್ನೇ ಹಿಂದುಮುಂದು ಮಾಡಿದೆ. ಪಡಸಾಲೆ ಮೈದಾನದ ಕಡೆ ಬಂತು, ದೊಡ್ಡ ಕಿಟಕಿಗಳು ಗಲ್ಲಿಯ ಕಡೆ ಹೋದವು. ಮಕ್ಕಳನ್ನು ಪೂರ್ವಕ್ಕೆ ತಿರುಗಿಸಿ ಕೂರಿಸಿದರೆ ಬೆಳಕು ಆಗಲೂ ಎಡದಿಂದಲೇ. ಪುಸ್ತಕದ ಪ್ರಕಾರ ಇದರಲ್ಲಿ ಯಾರೂ ಬೆರಳಿಟ್ಟು ತೋರಿಸುವಂಥದ್ದಿಲ್ಲ.

ಆದರೆ ನಾನು ತಿರುಗಿಸಿದ್ದು ಬೆಳಕಿಗಾಗಿ ಅಲ್ಲ. ಹಾಗೆ ತಿರುಗಿಸಿದರೆ ಅದು ನನ್ನ ನಕಾಶೆಯಾಗುತ್ತಿತ್ತು.

ಮೂರನೆಯ ಅಮಾವಾಸ್ಯೆಗೆ ಆಕೆಯನ್ನು ಬೇರೆ ಕೆಲಸ ಹೇಳಿ ಆಫೀಸಿನಲ್ಲೇ ಬಿಟ್ಟು ಹೋದೆ. ಉತ್ತರದ ಬೆಳಕಿನ ಬಗ್ಗೆ ಕಮಿಟಿಯವರಿಗೆ ಅರ್ಧ ಗಂಟೆ ಭಾಷಣ ಮಾಡಿದೆ. ಅವರು ಒಪ್ಪಿದರು. ಗಲ್ಲಿಯಾಚೆಯ ಶೆಡ್ಡುಗಳು ಅವರವೇ, ಅವರ ಅಣ್ಣತಮ್ಮಂದಿರವೇ. ಆದರೆ ಅವುಗಳ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಅವರು ಮುಚ್ಚಿಟ್ಟರು ಅಂತಲ್ಲ. ತೊಟ್ಟಿಲಲ್ಲಿದ್ದಾಗಿನಿಂದ ಮಗ್ಗದ ಸದ್ದು ಕೇಳಿದ ಜನ. ಅವರಿಗೆ ಅದು ಸದ್ದೇ ಅಲ್ಲ. ಮಗ್ಗ ನಿಂತರೆ ನಿದ್ದೆ ಹತ್ತುವುದಿಲ್ಲ ಅನ್ನುವವರು ಅವರು.

ಮರುದಿನ ಹೊಸ ನಕಾಶೆಯನ್ನು ಕಂಪ್ಯೂಟರಿಗೆ ಹಾಕಲು ಆಕೆಗೇ ಕೊಟ್ಟೆ. ಗಲ್ಲಿಯ ಕಡೆಯ ಕಿಟಕಿಗಳ ಮೇಲೆ ಬೆರಳಿಟ್ಟಳು.

"ಸರ್, ಆ ಕಡೆ ಕಿಡಕಿ ಇಟ್ರ..."

"ಉತ್ತರದ ಬೆಳಕು ಅಂದ್ರೇನು ಗೊತ್ತೈತೇನು ನಿನಗ? ಡಿಪ್ಲೊಮಾದಾಗ ಹೇಳಿರೂದಿಲ್ಲ."

ಆಕೆ ಹೋಗಿ ಕಂಪ್ಯೂಟರಿಗೆ ಕೂತಳು. ಎರಡು ದಿನದಲ್ಲಿ ಹಾಳೆ ಮುಗಿಸಿ ತಂದಳು. ನಕಾಶೆಯ ಕೆಳಗಿನ ಮೂಲೆಯಲ್ಲಿ ಸಣ್ಣ ಸಣ್ಣ ಚೌಕಗಳಿರುತ್ತವೆ: ಕೆಲಸದ ಹೆಸರು, ಅಳತೆ, ವಿನ್ಯಾಸ ಯಾರದು, ಬರೆದವರು ಯಾರು. ವಿನ್ಯಾಸದ ಚೌಕದಲ್ಲಿ ನನ್ನ ಹೆಸರಿನ ಕೆಳಗೆ ತನ್ನದನ್ನು ಹಾಕಿದ್ದಳು. ನಾನು ಹಾಕುತ್ತೇನೆ ಎಂದಿದ್ದೆನಲ್ಲ. ಆಕೆ ಚಹಾಕ್ಕೆ ಹೋದಾಗ ಕಂಪ್ಯೂಟರ್ ಮುಂದೆ ಕೂತು ಅದನ್ನು ಅಳಿಸಿದೆ. ಅಳಿಸಲು ಒಂದು ಗುಂಡಿ ಒತ್ತಿದರೆ ಸಾಕು. ಮೊದಲಿನ ಕಾಲದಲ್ಲಿ ಬ್ಲೇಡಿನಿಂದ ಕೆರೆಯಬೇಕಾಗಿತ್ತು. ಆಗ ಕೆರೆದ ಜಾಗವಾದರೂ ಕಾಣುತ್ತಿತ್ತು.

ಪ್ರಿಂಟು ಬಂದ ಮೇಲೆ ಆಕೆ ನೋಡಿದಳು. "ಸರ್, ಹೆಸರ ಬಿಟ್ಟೈತ್ರಿ."

"ಬಿಟ್ಟಿಲ್ಲ. ಈಗ ಇದು ನಿನ್ನ ನಕಾಶಿ ಅಲ್ಲಲಾ."

"ಆತ್ರಿ" ಅಂದಳು. ಅಷ್ಟೇ. ಜಗಳ ಮಾಡಿದ್ದರೆ ನನಗೂ ನಾಲ್ಕು ಮಾತಾಡಿ ಹಗುರಾಗಲು ಒಂದು ದಾರಿ ಸಿಗುತ್ತಿತ್ತು.

ಪಾಯಾ ತುಂಬಿದ ಮೇಲೆ ಕಂಬಗಳ ಕೆಲಸ ನೋಡಲು ಹೋದೆ. ಅದು ಬುಧವಾರವೋ ಗುರುವಾರವೋ, ಅಂತೂ ಅಮಾವಾಸ್ಯೆಯಲ್ಲ. ಕಾಲೇಜಿನ ಗೇಟು ದಾಟುವಾಗಲೇ ಕೇಳತೊಡಗಿತು. ಗಲ್ಲಿಯ ಹತ್ತಿರ ಹೋದರೆ ಗಾರೆ ಕೆಲಸದ ಗೌಂಡಿ ಬಾಯಿ ಆಡಿಸುವುದು ಕಾಣುತ್ತಿದೆ, ಮಾತು ಕೇಳುತ್ತಿಲ್ಲ. ನಾನು ಗೋದಾಮು ಅಂದುಕೊಂಡಿದ್ದ ಶೆಡ್ಡುಗಳ ಬಾಗಿಲೆಲ್ಲ ತೆರೆದಿದ್ದವು. ಒಂದೊಂದರೊಳಗೂ ಹತ್ತು ಹನ್ನೆರಡು ಪಾವರ್‌ಲೂಮುಗಳು, ಖಟ ಖಟ ಖಟ ಎಂದು ಎಲ್ಲ ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದವು. ಅವುಗಳೆದುರಿಗೇ ನನ್ನ ಹನ್ನೆರಡು ಕೋಣೆಗಳ ದೊಡ್ಡ ದೊಡ್ಡ ಕಿಟಕಿಗಳು ಬರಬೇಕಿತ್ತು.

ಸಾದಾ ದಿನ ಬಂದು ನಿಂತು ನೋಡೋಣ ಎಂದು ಆಕೆ ಯಾಕೆ ಹೇಳಿದ್ದಳು ಎಂಬುದು ಆಗ ಗೊತ್ತಾಯಿತು. ಗಲ್ಲಿಯ ಕಡೆ ಪಡಸಾಲೆಯನ್ನೂ ಕಿಂಡಿಯಿಲ್ಲದ ದಪ್ಪ ಗೋಡೆಯನ್ನೂ ಯಾಕೆ ಇಟ್ಟಿದ್ದಳು ಎಂಬುದೂ.

ಸಂಜೆ ಆಫೀಸಿಗೆ ಬಂದೆ. ಆಕೆ ಇನ್ನೂ ಇದ್ದಳು. ನನ್ನ ಮುಖ ನೋಡಿಯೇ ತಿಳಿದುಕೊಂಡಳೆಂದು ಕಾಣುತ್ತದೆ. ಎದ್ದು ಬಂದು ಮೆಲ್ಲಗೆ ಅಂದಳು. "ಸರ್, ಇನ್ನೂ ಗ್ವಾಡಿ ಎದ್ದಿಲ್ಲರಿ. ಕಂಬ ಹಂಗ ಇರಲಿ. ಕಿಡಕಿ ಮೈದಾನದ ಕಡೆ ಮಾಡಿ, ಪಡಸಾಲಿ ಗಲ್ಲಿ ಕಡೆ ತಂದ್ರ ಆತು. ನಾ ಬರದ ಇಟ್ಟೀನ್ರಿ."

ನಿಜವಾಗಿಯೂ ಬರೆದು ಇಟ್ಟಿದ್ದಳು. ನನ್ನ ಕಂಬಗಳ ಜಾಗ ಒಂದನ್ನೂ ಕದಲಿಸದೆ, ನನ್ನ ಮರ್ಯಾದೆಗೆ ಕುಂದು ಬರದ ಹಾಗೆ. ಗಾರೆಯವರನ್ನು ಒಂದು ವಾರ ತಡೆದಿದ್ದರೆ ಸಾಕಿತ್ತು. ಕಮಿಟಿಗೆ ಮಳೆಯ ಎರಚಲಿನ ಕಾರಣ ಹೇಳಬಹುದಿತ್ತು, ಯಾರೂ ನನ್ನನ್ನು ಕೇಳುತ್ತಿರಲಿಲ್ಲ.

ನಾನು ಆ ಹಾಳೆಯನ್ನು ಬಹಳ ಹೊತ್ತು ನೋಡಿದೆ. ಹಾಗೆ ತಿರುಗಿಸಿದರೆ ಅದು ಮತ್ತೆ ಆಕೆಯ ನಕಾಶೆ. ಆಕೆಯದಾದರೆ ಆ ಚೌಕದಲ್ಲಿ ಆಕೆಯ ಹೆಸರು. ಆ ಹೆಸರು ಹಿಡಿದು ಆಕೆ ಹುಬ್ಬಳ್ಳಿಯ ಮೆಟ್ಟಿಲು ಹತ್ತುತ್ತಾಳೆ, ಅವರು ಕೂತುಕೋ ಅನ್ನುತ್ತಾರೆ.

"ಕಿಡಕಿಗೆ ಗಾಜು ಹಾಕಸ್ತೀನಿ, ಸದ್ದು ಬರೂದಿಲ್ಲ" ಅಂದೆ.

ಆಕೆ ಈ ಸಲ ‘ಆತ್ರಿ’ ಅನ್ನಲಿಲ್ಲ. ಒಂದೆರಡು ಕ್ಷಣ ನನ್ನನ್ನೇ ನೋಡಿದಳು. ಸಿಟ್ಟಿನ ನೋಟವಲ್ಲ. ಅಪ್ಪನ ಕಣ್ಣಿನ ಬಗ್ಗೆ ಹೇಳುವಾಗ ಆಕೆಯ ಮುಖ ಹೇಗಿರುತ್ತಿತ್ತೋ ಹಾಗೆ... ಆಮೇಲೆ ಚೀಲ ತೆಗೆದುಕೊಂಡು ಬಸ್ಸಿಗೆ ಹೋದಳು. ಆ ತಿಂಗಳ ಕೊನೆಗೆ ಕೆಲಸ ಬಿಟ್ಟಳು. ಟೇಬಲ್ಲು ಒರೆಸಿ, ಪೆನ್ಸಿಲ್ಲುಗಳನ್ನೆಲ್ಲ ಕೆತ್ತಿ ಇಟ್ಟು ಹೋಗಿದ್ದಳು.

ಕಟ್ಟಡ ಎದ್ದಿತು. ಉದ್ಘಾಟನೆಯೂ ಅಮಾವಾಸ್ಯೆಯಂದೇ ಆಯಿತು. ಕಮಿಟಿಯವರಿಗೆ ಬೇರೆ ದಿನ ಎಲ್ಲಿಯದು? ಭಾಷಣಗಳೆಲ್ಲ ಸ್ಪಷ್ಟವಾಗಿ ಕೇಳಿದವು. ನನಗೆ ಶಾಲು ಹೊದಿಸಿದರು. ಗೋಡೆಯ ಕಲ್ಲಿನಲ್ಲಿ ನನ್ನ ಹೆಸರು ಕೆತ್ತಿಸಿದ್ದರು. ಚೇರ್ಮನ್ನರು "ಆ ತಂಗಿ ಬರಲಿಲ್ಲೇನ್ರಿ?" ಎಂದು ಕೇಳಿದರು. ಹುಬ್ಬಳ್ಳಿಗೆ ಹೋದಳು, ದೊಡ್ಡ ಕೆಲಸ ಸಿಕ್ಕಿತು ಎಂದೆ. ಅದು ನಿಜವೋ ಸುಳ್ಳೋ ನನಗೇ ಗೊತ್ತಿರಲಿಲ್ಲ. ತಿಳಿದುಕೊಳ್ಳುವ ಧೈರ್ಯವೂ ಇರಲಿಲ್ಲ.

ಆಮೇಲೆ ನನಗೊಂದು ವಿಚಿತ್ರ ಚಟ ಹತ್ತಿತು. ಹುಬ್ಬಳ್ಳಿಗೆ ಹೋದಾಗಲೆಲ್ಲ ಹೊಸ ಕಟ್ಟಡಗಳ ಮುಂದೆ ನಿಲ್ಲುವುದು, ಕಟ್ಟುವವರು ಹಚ್ಚಿದ ಬೋರ್ಡು ಓದುವುದು. ಬೆಳಗಾವಿಯಲ್ಲೂ ಅಷ್ಟೇ. ವಿನ್ಯಾಸ ಯಾರದು ಎಂಬ ಸಾಲನ್ನು ಎರಡೆರಡು ಸಲ ಓದುತ್ತಿದ್ದೆ. ಆಕೆಯ ಹೆಸರಿಲ್ಲ ಎಂದು ಖಾತ್ರಿಯಾದ ಮೇಲೆ ಹೋಟೆಲಿಗೆ ಹೋಗಿ ನೆಮ್ಮದಿಯಿಂದ ತಿಂಡಿ ತಿನ್ನುತ್ತಿದ್ದೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. ಆಗ ಆಗುತ್ತಿರಲಿಲ್ಲ, ತಿಂಡಿ ರುಚಿಯಾಗಿಯೇ ಇರುತ್ತಿತ್ತು.

ಈ ವರ್ಷ ಅದೇ ಕಾಲೇಜಿನಿಂದ ಫೋನ್ ಬಂತು. ಹಳೆಯ ಚೇರ್ಮನ್ನರು ಈಗಿಲ್ಲ, ಹೊಸಬರು ಮಾತಾಡಿದರು. "ಆ ಕಟ್ಟಡದಾಗ ಪಾಠ ಕೇಳಸೂದ ಇಲ್ಲರಿ ಸಾಹೇಬ್ರ. ಅದನ್ನ ಸಾಮಾನ ಇಡಾಕ ಮಾಡಿ, ಮೈದಾನದ ಆ ತುದಿಗೆ ಬ್ಯಾರೇದು ಕಟ್ಟೂಣು ಅಂತ. ನೀವ ಮಾಡಿಕೊಡ್ರಿ, ನಮಗ ಗೊತ್ತಿದ್ದವ್ರು." ಅದಕ್ಕಾಗಿಯೇ ಅಟ್ಟ ಹತ್ತಿ ಹಳೆಯ ನಕಾಶೆ ಹುಡುಕಿದ್ದು, ಈ ಸುರುಳಿ ಬಿದ್ದದ್ದು.

ನಿನ್ನೆ ಬನಹಟ್ಟಿಗೆ ಹೋದೆ. ಬೇಕೆಂದೇ ಸಾದಾ ದಿನ. ನನ್ನ ಕಟ್ಟಡದ ಒಂದು ಕೋಣೆಯ ಬಾಗಿಲಲ್ಲಿ ನಿಂತೆ. ಕಿಟಕಿಗಳನ್ನೆಲ್ಲ ಮುಚ್ಚಿ, ಗಾಜಿಗೆ ರಟ್ಟು ಬಡಿದಿದ್ದರು. ಹಗಲು ಹನ್ನೊಂದು ಗಂಟೆಗೆ ಟ್ಯೂಬ್‌ಲೈಟು ಉರಿಯುತ್ತಿತ್ತು. ಉತ್ತರದ ಬೆಳಕು ರಟ್ಟಿನ ಆಚೆ ನಿಂತಿತ್ತು. ಪಾಠ ಮಾಡುತ್ತಿದ್ದ ಮೇಡಂ ಸೊಂಟಕ್ಕೆ ಸಣ್ಣ ಸ್ಪೀಕರು ಕಟ್ಟಿಕೊಂಡಿದ್ದರು, ಆದರೂ ಕೊರಳ ನರ ಉಬ್ಬಿತ್ತು. ಮುಂದಿನ ಎರಡು ಬೆಂಚು ಬಿಟ್ಟರೆ ಉಳಿದ ಮಕ್ಕಳು ಅವರ ತುಟಿಯನ್ನೇ ನೋಡುತ್ತಿದ್ದರು. ಹದಿಮೂರು ವರ್ಷಗಳಿಂದ ಮಕ್ಕಳು ಹೀಗೆಯೇ ಓದಿ ಹೋಗಿದ್ದಾರೆ.

ಹೊಸ ಕಟ್ಟಡವನ್ನು ಆಕೆಯಿಂದಲೇ ಮಾಡಿಸಬೇಕು ಎಂದು ಅಲ್ಲೇ ನಿಶ್ಚಯಿಸಿದೆ. ಎಲ್ಲಿದ್ದರೂ ಕರೆಸಿ, ಮೊದಲು ಆಕೆಯ ಹೆಸರು, ಆಮೇಲೆ ನನ್ನದು. ಕೇಳುತ್ತ ಕೇಳುತ್ತ ಮನೆ ಹುಡುಕಿದೆ. ಮುಂದಿನ ಕೋಣೆಯಲ್ಲಿ ಆಕೆಯ ತಮ್ಮ ಎರಡು ಪಾವರ್‌ಲೂಮ್ ನಡೆಸುತ್ತಿದ್ದ. ನಾನು ಯಾರೆಂದು ಅವನ ಕಿವಿಗೆ ಬಾಯಿಟ್ಟು ಹೇಳಬೇಕಾಯಿತು. ಒಳಗೆ ಕರೆದು, ಒಳಕೋಣೆಯ ಬಾಗಿಲ ಹತ್ತಿರ ಕುರ್ಚಿ ಹಾಕಿದ. ತಾಯಿ ಬಂದು ಕೂತರು. ಅವರೂ ಮಾತನ್ನು ನನ್ನ ಕಿವಿಯ ಹತ್ತಿರ ತಂದೇ ಹೇಳಿದರು.

"ಆಕಿ ಹೋಗಿ ಎರ್ಡ ವರ್ಷ ಆತ್ರಿ."

ಎಲ್ಲಿಗೆ ಎಂದು ಕೇಳಲು ಬಾಯಿ ತೆರೆದವನು ಅವರ ಮುಖ ನೋಡಿ ನಿಲ್ಲಿಸಿದೆ. ಮೂರು ತಿಂಗಳು ಹಾಸಿಗೆ ಹಿಡಿದಿದ್ದಳಂತೆ. ಹುಬ್ಬಳ್ಳಿಯವರು ತೆಗೆದುಕೊಳ್ಳಲಿಲ್ಲವಂತೆ. ಮನೆಯಲ್ಲೇ ಕೂತು ಅಪ್ಪನ ಬದಲು ಅಂಚು ಬರೆಯುತ್ತಿದ್ದಳಂತೆ, ಕೊನೆಯ ತನಕ. ನಾನು ಹುಬ್ಬಳ್ಳಿಯ ಬೋರ್ಡುಗಳನ್ನು ಓದಿ ನೆಮ್ಮದಿಯಿಂದ ತಿಂಡಿ ತಿನ್ನುತ್ತಿದ್ದ ವರ್ಷಗಳಲ್ಲಿ ಆಕೆ ಜಮಖಂಡಿಯಿಂದ ಇಪ್ಪತ್ತು ಕಿಲೋಮೀಟರು ದೂರದಲ್ಲಿ ಕಿಟಕಿಯ ಪಕ್ಕ ಕೂತು ಚೌಕ ತುಂಬುತ್ತಿದ್ದಳು. ಅಂಥ ಕೈ ಮತ್ತೆ ನನ್ನ ಆಫೀಸಿಗೆ ಬರುವುದಿಲ್ಲ, ಎಲ್ಲಿಗೂ ಬರುವುದಿಲ್ಲ.

"ನಿಮ್ಮ ಹೆಸರ ಭಾಳ ಹೇಳತಿದ್ಲರಿ" ಎಂದರು ತಾಯಿ. "ಆ ಕಾಲೇಜ ನಮ್ಮ ಸರ್ ಕಟ್ಟಿದ್ದು ಅಂತ ಬಂದವರಿಗೆಲ್ಲಾ ತೋರಸತಿದ್ಲು. ನಾ ಕಲತದ್ದೆಲ್ಲಾ ಅವರ ಕಡೆ ಅಂತಿದ್ಲು."

ಹೇಳಿದರೆ ನಂಬುತ್ತೀರೋ ಇಲ್ಲವೋ, ಆಗಲೂ ನನ್ನ ಹೊಟ್ಟೆ ಉರಿಯಿತು. ಇಷ್ಟೆಲ್ಲ ಆದಮೇಲೂ ಯಾರೊಬ್ಬರ ಮುಂದೆಯೂ ನನ್ನ ಬಗ್ಗೆ ಒಂದು ಕೆಟ್ಟ ಮಾತು ಆಡದ ಆ ಮನಸ್ಸು ಆಕೆಗೆ ಹೇಗೆ ಬಂತು, ನನಗೆ ಯಾಕೆ ಬರಲಿಲ್ಲ ಎಂದು.

ಚಹಾ ಕೊಟ್ಟರು. ಅರ್ಧ ಕುಡಿದು, ಬಟ್ಟಲು ಕೆಳಗಿಟ್ಟು, ಹೇಳಿಬಿಟ್ಟೆ. ಆ ಕಾಲೇಜಿನ ನಕಾಶೆ ನಿಮ್ಮ ಮಗಳದು. ತಿರುಗಿಸಿ ಕೆಡಿಸಿದವನು ನಾನು. ಹುಬ್ಬಳ್ಳಿಗೆ ಬೇಕಾಗಿದ್ದ ಹೆಸರನ್ನು ಅಳಿಸಿದವನೂ ನಾನೇ. ಒಂದೇ ಉಸಿರಿಗೆ, ನೆಲ ನೋಡುತ್ತ ಹೇಳಿದೆ. ತಲೆಯೆತ್ತಿದಾಗ ಆ ತಾಯಿ ನಗುಮುಖದಿಂದಲೇ ಕೂತಿದ್ದರು. ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡರು.

"ಏನಂದ್ರಿ?"

ತಮ್ಮ ಅದನ್ನು ನೋಡಿದ. ಎದ್ದು ಹೋಗಿ ಎರಡೂ ಮಗ್ಗಗಳ ಸ್ವಿಚ್ಚು ತೆಗೆದ. ಮನೆ ಒಮ್ಮೆಲೇ ಅಮಾವಾಸ್ಯೆಯ ಹಾಗೆ ಸ್ತಬ್ಧವಾಯಿತು. ಒಳಗೆ ಒಲೆಯ ಮೇಲೆ ಹಾಲು ಕಾಯುವುದೂ ಕೇಳಿಸಿತು.

"ಅವ್ವಗ ಕಿವಿ ಜರಾ ಮಂದ್ರಿ ಸಾಹೇಬ್ರ. ಈಗ ಹೇಳ್ರಿ."

ಇಬ್ಬರೂ ನನ್ನ ಮುಖವನ್ನೇ ನೋಡುತ್ತ ಕಾದರು.

"ಏನಿಲ್ಲ" ಅಂದೆ. "ಚಹಾ ಛಲೋ ಆಗೇತಿ ಅಂದೆ."

ತಾಯಿಗೆ ಸಂತೋಷವಾಯಿತು. ಎದ್ದು ಹೋಗಿ ಇನ್ನೊಂದು ಬಟ್ಟಲು ತಂದುಕೊಟ್ಟರು. ಅದನ್ನೂ ಕುಡಿದು ಬಂದೆ.